ಏಜೆಂಟರ ಸಾವಿನ ಸುದ್ದಿ

ಬಸ್‌ಸ್ಟ್ಯಾಂಡಿನ ಏಜೆಂಟರು ತೀರಿಕೊಂಡ ಸುದ್ದಿ ನನಗೆ ಎರಡು ಸಲ ಬಂತು. ಎರಡನೆಯದು ನಿಜ, ಹೋದ ತಿಂಗಳದ್ದು. ಮೊದಲನೆಯದು ಸುಳ್ಳು, ಅದಕ್ಕೆ ಎರಡು ವರ್ಷವಾಯಿತು. ನಿಜವಾದ ಸಾವು ನನ್ನನ್ನು ಅಷ್ಟಾಗಿ ಅಲುಗಿಸಲಿಲ್ಲ. ಎಪ್ಪತ್ತು ದಾಟಿದ ಮನುಷ್ಯ, ಬೆಳಿಗ್ಗೆ ಎದೆನೋವು ಅಂದರು, ಆಸ್ಪತ್ರೆ ಮುಟ್ಟುವುದರೊಳಗೆ ಮುಗಿದಿತ್ತು. ಆದರೆ ಆ ಸುಳ್ಳು ಸಾವಿನಿಂದ ನಾನು ಇವತ್ತಿಗೂ ಚೇತರಿಸಿಕೊಂಡಿಲ್ಲ. ಫೋನು ತೆರೆದಾಗ ಯಾರದೋ ಫೋಟೋ, ಅದರ ಎರಡು ಪಕ್ಕ ಉರಿಯುವ ದೀಪ ಕಂಡರೆ ಈಗಲೂ ಮೊದಲು ಮುಖವನ್ನು ದೊಡ್ಡದು ಮಾಡಿ ನೋಡುತ್ತೇನೆ.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ಕೊಪ್ಪದಲ್ಲಿ ಅರ್ಧ ಜನಕ್ಕೆ ಯಾರೆಂದು ಗೊತ್ತಾಗಲಿಕ್ಕಿಲ್ಲ. ಊರಿಗೆಲ್ಲ ಅವರು ಏಜೆಂಟ್ರು, ಅಷ್ಟೇ. ಖಾಸಗಿ ಬಸ್ಸುಗಳನ್ನು ಹೊತ್ತಿಗೆ ಸರಿಯಾಗಿ ಹೊರಡಿಸುವುದು, ಜನರನ್ನು ಕರೆದು ಹತ್ತಿಸುವುದು, ಪಾರ್ಸೆಲ್ಲು ತೆಗೆದುಕೊಳ್ಳುವುದು ಅವರ ಕೆಲಸ. ನನ್ನ ಫೋಟೋ ಸ್ಟುಡಿಯೋ ಸ್ಟ್ಯಾಂಡಿನ ಎದುರಿಗೇ ಇದ್ದುದರಿಂದ ಬಾಗಿಲು ತೆಗೆದರೆ ಮೊದಲು ಕಾಣುವುದು ಅವರ ಖಾಕಿ ಅಂಗಿ, ಮೊದಲು ಕೇಳುವುದು ಅವರ ಗಂಟಲು.

ಬೇರೆ ಊರಿನ ಏಜೆಂಟರು ಊರಿನ ಹೆಸರು ಕೂಗುತ್ತಾರೆ. ಇವರು ಜನರನ್ನು ಕೂಗುತ್ತಿದ್ದರು. "ಹಿರೇಕೊಡಿಗೆ ಟೀಚರ್ರೇ, ಛತ್ರಿ ಬಿಟ್ಟು ಹೋಗ್ತಿದೀರಿ!" "ನಾರ್ವೆ ಭಟ್ರೇ, ಎಂತ ಮಾರಾಯ್ರೇ, ಕಾಫಿ ಆಮೇಲೆ ಕುಡೀಬಹುದು, ಬಸ್ಸು ಕಾಯಲ್ಲ." ಕಾಯುವುದಿಲ್ಲ ಎಂದು ಹೇಳಿ ಕಾಯಿಸುವುದೂ ಅವರೇ. ಬಸುರಿ ಹೆಂಗಸು ಮೆಡಿಕಲ್ಲಿಗೆ ಹೋಗಿದ್ದಾಳೆಂದರೆ ಡ್ರೈವರ್ ಎಷ್ಟು ಹಾರನ್ ಒತ್ತಿದರೂ ಬಸ್ಸಿನ ಮುಂದೆ ನಿಂತು ಬೀಡಿ ಹಚ್ಚುತ್ತಿದ್ದರು. ಕನ್ನಡಕ, ಮಾತ್ರೆ, ಮರೆತ ಚೀಲ, ಮದುವೆ ಕಾಗದ, ಎಲ್ಲವೂ ಅವರ ಕೈ ದಾಟಿಯೇ ಊರೂರಿಗೆ ಹೋಗಬೇಕು. ಬೆಳಗಿನಿಂದ ಸಂಜೆಯವರೆಗೆ ಅವರನ್ನು ಮಾತಾಡಿಸದೆ ಸ್ಟ್ಯಾಂಡು ದಾಟಿದವರು ಯಾರೂ ಇರಲಿಲ್ಲ. ಈ ಮಾತು ನೆನಪಿಡಬೇಕು. ದಿನಕ್ಕೆ ನಾನೂರು ಐನೂರು ಜನರ ಬಾಯಲ್ಲಿ ತನ್ನನ್ನು ಕರೆಸಿಕೊಂಡು ಮೂವತ್ತು ವರ್ಷ ಬದುಕಿದ ಮನುಷ್ಯ ಅದು.

ಸಾವಿನ ಸುದ್ದಿಯೂ ಆಗ ಬಸ್ಸಿನಲ್ಲೇ ಹೋಗುತ್ತಿತ್ತು. ಅದರಲ್ಲಿ ಮಾತ್ರ ಅವರು ಬಹಳ ಕಟ್ಟುನಿಟ್ಟು. "ಹಪ್ಪಳದ ಕಟ್ಟನ್ನ ಯಾರ ಕೈಲಾದ್ರೂ ಕಳಿಸಬಹುದು ಮಾರಾಯ, ಸಾವನ್ನ ಹಂಗೆ ಕಳಿಸೋಕಾಗಲ್ಲ" ಅನ್ನುವರು. ಸುದ್ದಿ ಮುಟ್ಟಬೇಕಾದ ಊರಿನ ಪ್ರಯಾಣಿಕರನ್ನೆಲ್ಲ ಒಮ್ಮೆ ನೋಡಿ, ಮಾತಿನಲ್ಲಿ ಹಿಡಿತವಿರುವ, ವಯಸ್ಸಾದ ಒಬ್ಬರನ್ನು ಆರಿಸಿ, ಪಕ್ಕಕ್ಕೆ ಕರೆದು ಹೇಳಿಕೊಡುತ್ತಿದ್ದರು. ಮೊದಲು ಹುಷಾರಿಲ್ಲ ಎನ್ನಬೇಕು. ಆಮೇಲೆ ಸ್ವಲ್ಪ ಜೋರಿದೆ ಎನ್ನಬೇಕು. ಕೂರಿಸಿದ ಮೇಲೆ, ಪಕ್ಕದಲ್ಲಿ ಯಾರಾದರೂ ಇದ್ದಾಗ, ಉಳಿದದ್ದು ಹೇಳಬೇಕು.

ನನಗೂ ಅದು ಹಾಗೆಯೇ ಬಂತು. ನಾನು ಶೃಂಗೇರಿ ಹತ್ತಿರದ ಮೆಣಸೆಯವನು, ಪಿಯುಸಿ ಓದಲು ಕೊಪ್ಪದಲ್ಲಿ ರೂಮು ಮಾಡಿಕೊಂಡಿದ್ದೆ. ಒಂದು ದಿನ ಏಜೆಂಟರೇ ಕಾಲೇಜಿನ ಬಾಗಿಲಿಗೆ ಬಂದು ನಿಂತರು. "ಬಾ ಮಾರಾಯ, ನಿಮ್ಮಮ್ಮ ಬರ ಹೇಳಿದಾರೆ. ಅಪ್ಪಂಗೆ ಹುಷಾರಿಲ್ವಂತೆ." ಹೋಟೆಲಿಗೆ ಕರೆದುಕೊಂಡು ಹೋಗಿ ಬನ್ಸು ತಿನ್ನಿಸಿದರು. ಬೇಡ ಎಂದರೆ ಬಿಡಲಿಲ್ಲ, "ತಿನ್ನು, ಮನೇಲಿ ಇವತ್ತು ಅಡುಗೆ ತಡ ಆಗಬಹುದು" ಎಂದರು. ನನ್ನ ದಡ್ಡ ತಲೆಗೆ ಆಗಲೂ ಹೊಳೆಯಲಿಲ್ಲ. ಶೃಂಗೇರಿ ಬಸ್ಸಿಗೆ ಹತ್ತಿಸಿ ಇಳಿದು ಹೋಗುತ್ತಾರೆ ಅಂದುಕೊಂಡರೆ, ಸ್ಟ್ಯಾಂಡನ್ನು ಯಾರಿಗೋ ಒಪ್ಪಿಸಿ ನನ್ನ ಪಕ್ಕದಲ್ಲೇ ಕೂತರು. ಮೆಣಸೆ ಹತ್ತಿರ ಬಂದಾಗ ಮೊಣಕಾಲ ಮೇಲೆ ಕೈಯಿಟ್ಟು ಹೇಳಿದರು. "ಅಪ್ಪ ಇಲ್ಲ ಕಣಾ. ಇಳಿಯೋಕೆ ಮೊದ್ಲೇ ನಿಂಗೆ ಗೊತ್ತಿರಬೇಕು. ಅಂಗಳದಲ್ಲಿ ಜನ ನೋಡಿ ಗೊತ್ತಾಗಬಾರದು." ಆ ಕೈಯ ಭಾರ ನನ್ನ ಮೊಣಕಾಲಲ್ಲಿ ಈಗಲೂ ಇದೆ.

ಬಸ್ಸುಗಳು ಕಡಿಮೆಯಾದವು, ಸೀಟು ಫೋನಿನಲ್ಲೇ ಬುಕ್ ಆಗತೊಡಗಿತು, ಏಜೆಂಟರಿಗೆ ಕೆಲಸ ಉಳಿಯಲಿಲ್ಲ. ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮನೆ, ಗಂಡ ಹೆಂಡತಿ ಇಬ್ಬರೇ, ಮಕ್ಕಳಿರಲಿಲ್ಲ. ಒಂದು ವರ್ಷ ಸುಮ್ಮನೆ ಸ್ಟ್ಯಾಂಡಿಗೆ ಬಂದು ಕಲ್ಲುಬೆಂಚಿನ ಮೇಲೆ ಕೂತರು. ಹೊಸ ಹುಡುಗಿಯರು, ಹುಡುಗರು ಕಿವಿಗೆ ವೈರು ಸಿಕ್ಕಿಸಿಕೊಂಡು ಅವರ ಮುಂದೆಯೇ ಹಾದು ಹೋಗುತ್ತಿದ್ದರು. ಆಮೇಲೆ ಅವರು ಒಂದು ಟಚ್ ಫೋನು ಕೊಂಡರು. ಬಳಸುವುದನ್ನು ಹೇಳಿಕೊಟ್ಟವನು ನಾನೇ.

ಮೂರು ತಾಲ್ಲೂಕಿನ ಸುದ್ದಿಗೆಂದು ಒಂದು ಗ್ರೂಪು ಮಾಡಿದರು. ಕೊಪ್ಪ, ಶೃಂಗೇರಿ, ಎನ್.ಆರ್. ಪುರ, ಎಲ್ಲ ಕಡೆಯ ಹಳೇ ಪ್ರಯಾಣಿಕರೂ ಸೇರಿದರು. ಎಲ್ಲಿ ಮರ ಬಿದ್ದಿದೆ, ಯಾವ ಬಸ್ಸು ಕೆಟ್ಟಿದೆ, ಯಾರ ದನ ಕಳೆದಿದೆ, ಯಾರು ತೀರಿಕೊಂಡರು. ಮೊದಲ ಆರು ತಿಂಗಳು ನನಗೂ ಸಂತೋಷವಾಯಿತು, ಮನುಷ್ಯನಿಗೆ ಸ್ಟ್ಯಾಂಡು ವಾಪಸ್ ಸಿಕ್ಕಿತಲ್ಲ ಎಂದು. ಸ್ಟುಡಿಯೋಗೆ ಬಂದು ಫೋನು ತೋರಿಸಿ, "ನೋಡು, ಇವತ್ತು ತೊಂಬತ್ತು ಜನ ಹೆಬ್ಬೆಟ್ಟು ಒತ್ತಿದಾರೆ" ಅನ್ನುವರು. ಹೆಬ್ಬೆಟ್ಟಿನವರು ಎಂದರೆ ನಮ್ಮಲ್ಲಿ ಓದು ಬರಹ ಬಾರದವರು. ಈಗ ಓದಿದವರೆಲ್ಲ ಒತ್ತುತ್ತಿದ್ದಾರಲ್ಲ ಏಜೆಂಟ್ರೇ ಎಂದು ನಾನು ಛೇಡಿಸುತ್ತಿದ್ದೆ. ನಗುತ್ತಿದ್ದರು.

ನಗು ಯಾವಾಗ ನಿಂತಿತೋ ನಾನು ಗಮನಿಸಲಿಲ್ಲ. ಒಂದು ದಿನ ನೋಡುತ್ತೇನೆ, ಅವರು "ಊಟ ಆಯ್ತಾ" ಎಂದು ಕೇಳುವುದನ್ನೇ ಬಿಟ್ಟಿದ್ದಾರೆ. ಬಂದವರೇ, "ನಾನು ಹಾಕಿದ್ದು ನೋಡಿದ್ಯಾ?" ನೋಡಿದೆ ಎಂದರೆ, "ಮತ್ತೆ ಎಂತಕ್ಕೆ ಒಂದು ಮಾತು ಬರೀಲಿಲ್ಲ?" ಸಂದೇಶದ ಕೆಳಗೆ ನೀಲಿ ಗೀಟು ಎರಡು ಬಿದ್ದು ಉತ್ತರ ಬರದಿದ್ದರೆ ಅವರಿಗೆ ಯಾರೋ ಮುಖಕ್ಕೆ ಮುಖ ಕೊಟ್ಟು ನೋಡಿ, ಮಾತಾಡದೆ ಹೋದ ಹಾಗೆ. "ಸ್ಟ್ಯಾಂಡಲ್ಲಿ ಕರೆದ್ರೆ ಸುಮ್ನೆ ಹೋಗ್ತಿದ್ರನಾ ಇವ್ರು? ಇಲ್ಲಿ ಇನ್ನೂರು ಜನ ನೋಡ್ತಾರೆ, ಹೋಗ್ತಾರೆ. ನಾನೇನು ಬಸ್‌ಸ್ಟ್ಯಾಂಡಿನ ಕಂಬನಾ?" ಒಂದು ಗಾಳಿಮಳೆಗೆ ಎರಡು ದಿನ ನೆಟ್‌ವರ್ಕ್ ಹೋದಾಗ ಫೋನು ಎತ್ತಿ ಹಿಡಿದು ಓಣಿಯಿಂದ ಓಣಿಗೆ ಅಲೆದರು. ಎರಡೇ ದಿನಕ್ಕೆ ಮುಖ ಸೊರಗಿತ್ತು. ಸಕ್ಕರೆ ಕಾಯಿಲೆ ಇರಬಹುದು, ತೋರಿಸಿ ಎಂದೆ. ಇಂಥ ಬುದ್ಧಿವಂತ ನಾನು.

ಅವರ ಹೆಂಡತಿ ಒಮ್ಮೆ ಸ್ಟುಡಿಯೋಗೆ ಬಂದು, "ತಮ್ಮ, ಇವ್ರು ಅನ್ನ ಕಲಸಿಟ್ಟು ಫೋನು ನೋಡ್ತಾ ಕೂರ್ತಾರೆ, ಅನ್ನ ಒಣಗಿ ಹೋಗುತ್ತೆ. ನೀನಾದ್ರೂ ಒಂದು ಮಾತು ಹೇಳು" ಎಂದಿದ್ದರು. ಆ ಅಕ್ಕನಿಗೆ ಹೂಂ ಎಂದೆ, ಏಜೆಂಟರಿಗೆ ಏನೂ ಹೇಳಲಿಲ್ಲ. ಮದುವೆ ಸೀಸನ್ನು, ಆಲ್ಬಮ್ಮಿನ ಕೆಲಸ ತಲೆಮೇಲಿತ್ತು.

ಅದೇ ಸೀಸನ್ನಿನಲ್ಲಿ ಅವರು ಒಂದು ಫೋಟೋ ತೆಗೆಸಿಕೊಳ್ಳಲು ಬಂದರು. ಬಿಳಿ ಅಂಗಿ, ನುಣ್ಣಗೆ ಗಡ್ಡ ಕೆರೆಸಿದ್ದರು. "ಚೆನ್ನಾಗಿ ತೆಗಿ ಮಾರಾಯ, ಸತ್ತಾಗ ಹಾಕೋಕೆ ಬೇಕು." ವಯಸ್ಸಾದವರೆಲ್ಲ ಸ್ಟುಡಿಯೋದಲ್ಲಿ ಹೇಳುವ ಮಾತೇ ಅದು. ನಿಮಗೆ ಇನ್ನೂ ಬೇಕಾದಷ್ಟು ಟೈಮಿದೆ ಎಂದು ನಾನೂ ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದೆ. ನೀಲಿ ಪರದೆಯ ಮುಂದೆ ಕೂರಿಸಿ ತೆಗೆದು ಅವರ ಫೋನಿಗೆ ಕಳಿಸಿದೆ.

ಮೂರು ವಾರದ ನಂತರ ನಾನು ಶೃಂಗೇರಿಯಲ್ಲಿ ಒಂದು ಮದುವೆಯ ಫೋಟೋ ತೆಗೆಯುತ್ತಿದ್ದೆ. ಧಾರೆ ಮುಗಿದು ಹುಡುಗಿ ಸೀರೆ ಬದಲಿಸಲು ಹೋದಾಗ ಐದು ನಿಮಿಷ ಬಿಡುವಾಯಿತು, ಫೋನು ತೆಗೆದೆ. ಗ್ರೂಪಿನಲ್ಲಿ ಸಾವಿನ ಕಾರ್ಡು. ಕೆಳಗೆ ಸಾಲಾಗಿ ಓಂ ಶಾಂತಿ, ಓಂ ಶಾಂತಿ. ನಾನೂ ಓಂ ಎಂದು ಬರೆದೆ, ಶಾಂತಿ ಎನ್ನುವುದನ್ನು ಫೋನೇ ಮುಂದಿಟ್ಟಿತು, ಒತ್ತಿದೆ. ಇನ್ನೊಂದು ಗೆಳೆಯರ ಗ್ರೂಪಿನಲ್ಲಿ ಗಂಡ ಹೆಂಡತಿಯ ಜೋಕೊಂದು ಬಂದಿತ್ತು. ಅದಕ್ಕೆ ಕಣ್ಣಲ್ಲಿ ನೀರು ಬರುವ ಹಾಗೆ ನಗುವ ಮುಖ ಹಾಕಿದೆ. ಜೋಕು ಚೆನ್ನಾಗಿದೆಯೆಂದು ಅದನ್ನು ಏಜೆಂಟರ ಗ್ರೂಪಿಗೂ ದಾಟಿಸಿದೆ. ಅಷ್ಟರಲ್ಲಿ ಹುಡುಗಿ ಬಂದಳು, ಕ್ಯಾಮೆರಾ ಎತ್ತಿಕೊಂಡೆ.

ಗ್ರೂಪ್ ಫೋಟೋಗಳೆಲ್ಲ ಮುಗಿದು ಪಂಕ್ತಿಯಲ್ಲಿ ಕೂತು ಕೋಸಂಬರಿ ಬಾಯಿಗಿಟ್ಟುಕೊಂಡಾಗ ತಲೆಯಲ್ಲಿ ಏನೋ ಚುಚ್ಚಿತು. ಆ ಕಾರ್ಡಿನಲ್ಲಿದ್ದ ನೀಲಿ ಪರದೆ ನನ್ನದು. ಎಡಗೈಯಲ್ಲಿ ಫೋನು ತೆಗೆದು ಮೇಲಕ್ಕೆ ಸರಿಸಿದೆ. ಬಿಳಿ ಅಂಗಿ. ಎರಡು ದೀಪ. ಏಜೆಂಟರು. 'ಅಂತ್ಯಕ್ರಿಯೆಯ ವಿವರ ನಂತರ ತಿಳಿಸಲಾಗುವುದು.' ಕೆಳಗೆ ನನ್ನ ಓಂ ಶಾಂತಿ, ಅದರ ಕೆಳಗೆ ನಾನೇ ದಾಟಿಸಿದ ಜೋಕು. ಅಪ್ಪ ಸತ್ತ ದಿನ ನನ್ನ ಪಕ್ಕದಲ್ಲಿ ಕೂತು ಬಂದ ಮನುಷ್ಯನ ಸಾವನ್ನು ನಾನು ಮುಖವನ್ನೂ ನೋಡದೆ ದಾಟಿಬಿಟ್ಟಿದ್ದೆ. ಎಲೆ ಮಡಚಿ ಎದ್ದೆ. ಅವರ ನಂಬರಿಗೆ ಫೋನು ಮಾಡಿದೆ, ಅಕ್ಕನಾದರೂ ಎತ್ತಬಹುದೆಂದು. ರಿಂಗಾಗಿ ರಿಂಗಾಗಿ ನಿಂತಿತು. ಬೈಕು ಹತ್ತಿ ಕೊಪ್ಪಕ್ಕೆ ಹೇಗೆ ಬಂದೆನೋ ನೆನಪಿಲ್ಲ.

ಓಣಿಯಲ್ಲಿ ಜನರಿಲ್ಲ. ಅಂಗಳದಲ್ಲಿ ಬೆಂಕಿಯಿಲ್ಲ, ಚಪ್ಪಲಿಗಳಿಲ್ಲ. ಜಗಲಿಯ ಕುರ್ಚಿಯಲ್ಲಿ, ಫೋಟೋದಲ್ಲಿದ್ದ ಅದೇ ಬಿಳಿ ಅಂಗಿ ಹಾಕಿಕೊಂಡು ಏಜೆಂಟರು ಕೂತಿದ್ದರು. ತೊಡೆಯ ಮೇಲೆ ಫೋನು. ನಾನು ಮೆಟ್ಟಿಲ ಮೇಲೆ ಕೂತೆ.

"ನೀನು ಬಂದ್ಯಾ" ಎಂದರು. "ನೀನೊಬ್ಬನೇ."

"ಏಜೆಂಟ್ರೇ, ಇದು ಎಂತದು? ಯಾರು ಹಾಕಿದ್ದು?"

"ನಾನೇ. ನನ್ನ ಹಳೇ ಸಿಮ್ಮಿಂದ." ಮಳೆ ಬರುವ ಹಾಗಿದೆ ಎನ್ನುವಷ್ಟು ಸಲೀಸಾಗಿ ಹೇಳಿದರು. "ಯಾರ್ಯಾರು ಬರ್ತಾರೆ ನೋಡುವ ಅಂತ. ನೂರ ಅರವತ್ತೆಂಟು ಓಂ ಶಾಂತಿ. ನಾನು ಬದುಕಿದ್ದಾಗ ಇಷ್ಟು ಜನ ಒಂದಿನಾನೂ ಬರೀಲಿಲ್ಲ ಮಾರಾಯ. ಆದ್ರೆ ಫೋನು ಮಾಡಿದ್ದು ಮೂರೇ ಜನ. ಒಂದು ನೀನು. ಒಂದು ಗ್ಯಾಸಿನವನು, ಅವಂಗೆ ನಾನು ಸತ್ತಿದ್ದು ಗೊತ್ತಿಲ್ಲ. ಇನ್ನೊಂದು ಯಾವ್ದೋ ಗೊತ್ತಿಲ್ಲದ ನಂಬರು, ಹಾಡು ಹಾಕ್ಕೊಳಿ ಅನ್ನೋ ಕಂಪೆನಿಯವರಿರಬೇಕು. ಎಂಟು ಸಲ ಮಾಡಿದ್ರು. ಸತ್ತವನು ಎತ್ತೋದು ಹ್ಯಾಂಗೆ?"

ಆಮೇಲೆ ಕನ್ನಡಕ ಸರಿಮಾಡಿಕೊಂಡು ಫೋನು ನನ್ನ ಕಡೆ ತಿರುಗಿಸಿದರು. "ನೀನು ಬರೆದಿದ್ದು ಹತ್ತೂ ನಲವತ್ತೆರಡಕ್ಕೆ. ನಲವತ್ತಮೂರಕ್ಕೆ ಈ ಜೋಕು ಹಾಕಿದೀಯ." ನನ್ನನ್ನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನಿಜವಾಗಿ ತಿಳಿದುಕೊಳ್ಳಬೇಕೆಂಬ ಹಾಗೆ ಕೇಳಿದರು. "ಒಂದು ನಿಮಿಷ ಆದ್ರೂ ಬೇಜಾರಾಯ್ತನಾ?"

ಹೌದು ಎಂದು ಸುಳ್ಳು ಹೇಳಲೂ ಆಗಲಿಲ್ಲ.

"ಬದುಕಿದೀನಿ ಅಂತ ಹಾಕಿ ಏಜೆಂಟ್ರೇ, ಈಗಲೇ ಹಾಕಿ" ಎಂದೆ.

"ಹಾಕ್ತೀನಿ. ಅದಕ್ಕೆ ಎಷ್ಟು ಜನ ಬರೀತಾರೆ ನೋಡುವ."

ಅವರ ಮುಖ ನೋಡಿ ನನಗೆ ಹೆದರಿಕೆಯಾಯಿತು. ತಮಾಷೆಯೂ ಇಲ್ಲ, ನಾಚಿಕೆಯೂ ಇಲ್ಲ. ಒಳಗೆ ಏನೋ ಬಹಳ ದಿನದಿಂದ ಕೊಳೆತಿದೆ, ನಾನು ದಿನಾ ಎದುರಿಗೆ ಕೂತು ಅದನ್ನು ಕಂಡಿಲ್ಲ ಎಂದು ಅವತ್ತು ಗೊತ್ತಾಯಿತು. ಅಕ್ಕ ಎಲ್ಲಿ ಎಂದು ಕೇಳಿದೆ. ಎನ್.ಆರ್. ಪುರಕ್ಕೆ, ತಂಗಿ ಮನೆಗೆ, ಹಲಸಿನ ಹಪ್ಪಳ ಮಾಡಲು ಹೋಗಿ ನಾಲ್ಕು ದಿನವಾಯಿತು ಎಂದರು. "ಅವಳ ಹತ್ರ ಇರೋದು ಬಟನ್ ಫೋನು, ಗ್ರೂಪು ಗೀಪು ಅವಳಿಗೆ ಗೊತ್ತಾಗಲ್ಲ" ಎಂದರು. ಮೂರು ತಾಲ್ಲೂಕಿಗೆ ಸಾವಿನ ಸುದ್ದಿ ಹೇಗೆ ಮುಟ್ಟಿಸಬೇಕೆಂದು ಕಲಿಸಿದವರು, ಅದು ತನ್ನ ಹೆಂಡತಿಗೆ ಹೇಗೆ ಮುಟ್ಟೀತು ಎಂದು ಯೋಚಿಸಿರಲೇ ಇಲ್ಲ.

ಅವರ ಮಾತು ಮುಗಿದು ಹತ್ತು ನಿಮಿಷವೂ ಆಗಿರಲಿಲ್ಲ, ಓಣಿಯಲ್ಲಿ ಹೆಂಗಸಿನ ಅಳು ಕೇಳಿಸಿತು. ಅಕ್ಕ. ತಂಗಿ ಅವರ ತೋಳು ಹಿಡಿದು ನಡೆಸಿಕೊಂಡು ಬರುತ್ತಿದ್ದರು. ಕಾಲಲ್ಲಿ ಚಪ್ಪಲಿಯಿಲ್ಲ, ಮುಂಗೈಗೆ ಹಪ್ಪಳದ ಹಿಟ್ಟು ಒಣಗಿ ಅಂಟಿತ್ತು. ಆಮೇಲೆ ತಂಗಿ ಹೇಳಿದ್ದು: ಅಂಗಡಿಯಲ್ಲಿ ಕಾರ್ಡು ನೋಡಿದ ಸಂಬಂಧಿಕನೊಬ್ಬ ನೆಟ್ಟಗೆ ಅವರ ಮನೆಗೆ ನಡೆದು ಹೋಗಿ, ಬಾಯಲ್ಲಿ ಏನೂ ಹೇಳದೆ, ಫೋನನ್ನು ಅಕ್ಕನ ಮುಖದ ಮುಂದೆ ಹಿಡಿದನಂತೆ. ಅಕ್ಕನ ಫೋನಿನಲ್ಲಿ ಚಾರ್ಜಿರಲಿಲ್ಲ. ಪಕ್ಕದ ಮನೆಯವರ ಫೋನಿನಿಂದ ಎಂಟು ಸಲ ಮಾಡಿದ್ದು ಅಕ್ಕನೇ. ಬಸ್ಸಿನಲ್ಲಿ ಎಲ್ಲರಿಗೂ ಸುದ್ದಿ ಗೊತ್ತಿತ್ತು. ಕಂಡಕ್ಟರ್ ಟಿಕೆಟ್ ಕೇಳಲಿಲ್ಲ. ಎನ್.ಆರ್. ಪುರದಿಂದ ಕೊಪ್ಪದವರೆಗೆ ಅಕ್ಕ ಗುರುತೇ ಇಲ್ಲದ ಹೆಂಗಸರ ಹೆಗಲ ಮೇಲೆ ಬಿದ್ದು ಎದೆ ಬಡಿದುಕೊಂಡು ಅತ್ತಿದ್ದರು.

ಅಂಗಳಕ್ಕೆ ಬಂದವರು ತಲೆಯೆತ್ತಿದರು. ಕುರ್ಚಿಯಲ್ಲಿದ್ದ ಗಂಡನನ್ನು ನೋಡಿದರು. ಅಳು ಕತ್ತರಿಸಿದ ಹಾಗೆ ನಿಂತಿತು. ಕಿರುಚಲಿಲ್ಲ, ಓಡಿ ಬರಲಿಲ್ಲ. ನಿಧಾನಕ್ಕೆ ನನ್ನ ಕಡೆ ತಿರುಗಿ ಪಿಸುಗುಟ್ಟಿದರು.

"ತಮ್ಮ, ಅಲ್ಲಿ ಕೂತಿರೋರು ನಿಂಗೂ ಕಾಣ್ತಾ ಇದಾರನಾ?"

ನಾನು ಸತ್ತರೂ ಆ ಪ್ರಶ್ನೆಯನ್ನು ಮರೆಯುವುದಿಲ್ಲ. ಹೌದು ಅಕ್ಕ, ಬದುಕಿದಾರೆ ಎಂದೆ. ಅವರು ಹತ್ತಿರ ಹೋಗಿ, ಹಿಟ್ಟಿನ ಕೈಯಿಂದ ಗಂಡನ ಗಲ್ಲ ಮುಟ್ಟಿ, ತಮ್ಮ ಕೈಯನ್ನು ಮತ್ತೆ ಮತ್ತೆ ಹೊರಳಿಸಿ ನೋಡಿಕೊಂಡರು. ಆಗ ಏಜೆಂಟರು ಒಡೆದರು. ಮಕ್ಕಳ ಹಾಗೆ, ಬಾಯಿ ತೆರೆದು, "ತಪ್ಪಾಯ್ತೇ, ನಂಗೆ ಎಂತ ಆಗಿದೆ ಅಂತ ಗೊತ್ತಾಗ್ತಾ ಇಲ್ವೇ" ಎಂದು ಅತ್ತರು. ಫೋನು ತೊಡೆಯಿಂದ ಜಾರಿ ಬಿತ್ತು. ಬಿದ್ದಲ್ಲೇ ಟಿಣ್ ಟಿಣ್ ಅನ್ನುತ್ತಿತ್ತು.

ಗ್ರೂಪಿಗೆ ನಾನೇ ಹಾಕಿದೆ, ಸುದ್ದಿ ಸುಳ್ಳು, ಏಜೆಂಟರು ಕ್ಷೇಮ ಎಂದು. ನಾಲ್ಕೈದು ಜನ ಸದ್ಯ ಎಂದರು. ಅಷ್ಟರಲ್ಲಿ ಕಾರ್ಡು ಬಂದ ನಂಬರು ಅವರದ್ದೇ ಎಂದು ಯಾರೋ ಪತ್ತೆ ಮಾಡಿದರು. ಸಂಜೆಯೊಳಗೆ ಬಂದ ಬೈಗುಳ ಬೆಳಗಿನ ಓಂ ಶಾಂತಿಗಿಂತ ಹೆಚ್ಚು. ನಾಚಿಕೆಯಿಲ್ಲದ ಮುದುಕ, ಹುಚ್ಚ, ನಿಜವಾಗಿಯೂ ಸಾಯಬಾರದಿತ್ತಾ. ಹೀಗೆ ಬರೆದವರಲ್ಲಿ ಅವರು ಬಸ್ಸು ನಿಲ್ಲಿಸಿ ಹತ್ತಿಸಿಕೊಂಡವರೂ ಇದ್ದರು. ಸತ್ತವನಿಗೆ ಶಾಂತಿ ಕೋರಿದ ಬೆರಳುಗಳೇ ಬದುಕಿದ್ದಾನೆಂದು ಗೊತ್ತಾದ ಮೇಲೆ ಹೀಗೆ ಬರೆಯಬಲ್ಲವು ಎಂದು ನಾನು ತಿಳಿದಿರಲಿಲ್ಲ. ಅವರಿಗೆ ಓದಲು ಸಿಗದಿರಲೆಂದು ಅಕ್ಕ ಫೋನನ್ನು ಅಕ್ಕಿ ಡಬ್ಬದೊಳಗೆ ಹುಗಿದಿಟ್ಟರು. ಅವರು ಹುಡುಕಿ ತೆಗೆದು ಎಲ್ಲವನ್ನೂ ಓದಿದರು, ಒಂದನ್ನೂ ಬಿಡಲಿಲ್ಲ.

ಮಾರನೆಯ ದಿನವೇ ಶಿವಮೊಗ್ಗಕ್ಕೆ, ಮನಸ್ಸಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಹೋಗುವಾಗ ನಾನು ಅವರ ಪಕ್ಕದಲ್ಲೇ ಕೂತೆ. ಡಾಕ್ಟರು ಒಳ್ಳೆಯವರು. ಇದು ಖಿನ್ನತೆ, ಕಾಯಿಲೆಯೇ, ಹುಚ್ಚಲ್ಲ ಎಂದರು. ಎಲ್ಲ ಫೋನಿನಿಂದಲೇ ಬಂದದ್ದಲ್ಲ, ಕೆಲಸ ಹೋದಾಗಲೇ ಬೇರು ಬಿಟ್ಟಿರಬೇಕು, ಫೋನು ಅದಕ್ಕೆ ದಿನಾ ನೀರು ಹೊಯ್ದಿದೆ ಎಂದರು. ಮಾತ್ರೆ ಕೊಟ್ಟರು, ಗ್ರೂಪು ಬಿಡಿಸಿದರು. ಆರೇಳು ತಿಂಗಳಲ್ಲಿ ಊಟ, ನಿದ್ರೆ ಸರಿಯಾಯಿತು. ಸಂಜೆ ಸ್ಟುಡಿಯೋಗೆ ಬಂದು ಕೂರುತ್ತಿದ್ದರು. ನಾನೂ ಆ ಹೊತ್ತಿಗೆ ಫೋನು ಡ್ರಾಯರಿನಲ್ಲಿ ಹಾಕುತ್ತಿದ್ದೆ. ಮಾತು ಮೊದಲಿನಷ್ಟು ಇರಲಿಲ್ಲ. ಅವತ್ತಿನ ವಿಷಯ ಇಬ್ಬರೂ ಎತ್ತಲಿಲ್ಲ. ಒಮ್ಮೆ ಮಾತ್ರ, ಹೋಗಲು ಎದ್ದವರು ನಿಂತು, "ನೀನು ಊಟ ಬಿಟ್ಟು ಬಂದಿದ್ಯಂತೆ ಅವತ್ತು, ಅವಳು ಹೇಳಿದ್ಲು" ಎಂದರು. ನಾನು ಕ್ಯಾಮೆರಾ ಒರೆಸುತ್ತಾ ಇದ್ದುಬಿಟ್ಟೆ.

ಹೋದ ತಿಂಗಳು ನಿಜವಾಗಿ ತೀರಿಕೊಂಡಾಗ ಯಾವ ಗ್ರೂಪಿಗೂ ಹಾಕಲಿಲ್ಲ. ಗೊತ್ತಿದ್ದವರಿಗೆಲ್ಲ ಒಬ್ಬೊಬ್ಬರಿಗೇ ನಾನು ಫೋನು ಮಾಡಿದೆ. ಒಬ್ಬರೂ ಬಿಡದೆ ಎಲ್ಲರೂ ಒಂದೇ ಮಾತು ಕೇಳಿದರು: "ಈ ಸಲ ನಿಜನಾ?" ಆದರೂ ಬಂದರು. ಜಗಲಿ ತುಂಬಿತು, ಅಂಗಳದಲ್ಲಿಯೂ ನಿಂತರು.

ಅಕ್ಕ ಹೆಣದ ತಲೆಯ ಹತ್ತಿರ ಗೋಡೆಗೊರಗಿ ಕೂತಿದ್ದರು. ಕಣ್ಣು ಒಣಗಿತ್ತು. ಬಾಗಿಲ ಬಳಿ ಹೆಂಗಸರ ಗುಸುಗುಸು ನನಗೂ ಕೇಳಿಸಿತು, ಅವರಿಗೂ ಕೇಳಿಸಿರಬೇಕು: "ಒಂದು ಹನಿ ಇಲ್ಲ ನೋಡೇ." ನಾನು ಹತ್ತಿರ ಹೋಗಿ ಕೂತೆ. ಅವರು ನನ್ನ ಕಡೆ ಬಾಗಿದರು. ಏನೋ ತಪ್ಪು ಮಾಡಿದವರ ಹಾಗೆ, ಗಂಡನ ಮುಖ ನೋಡುತ್ತಾ ದನಿ ಇಳಿಸಿ ಹೇಳಿದರು.

"ಅವತ್ತು ಬಸ್ಸಲ್ಲೇ ಎಲ್ಲ ಅತ್ತು ಮುಗಿಸಿಬಿಟ್ಟಿದೀನಿ ತಮ್ಮ. ಬೆಳಗಿಂದ ಅಳಬೇಕು ಅಂತಲೇ ಕೂತಿದೀನಿ, ಬರ್ತಾ ಇಲ್ಲ. ಇವ್ರು ಎಂತ ತಿಳ್ಕೊಳ್ತಾರೇನ."